ಹನಿ ಎಣಿಸುವ ಡಾಕ್ಟರು, ದಿನ ಎಣಿಸುವ ಕೆಲಸ

ಶಿವಮೊಗ್ಗದಲ್ಲಿ ಎಂ.ಡಿ. ಮುಗಿಸಿದ ಡಾಕ್ಟರೊಬ್ಬರು "ಇನ್ನು ಮೇಲೆ ವಿಶ್ವವಿದ್ಯಾಲಯದ ಟೆಕ್ನಾಲಜಿ ಟ್ರಾನ್ಸ್‌ಫರ್ ಆಫೀಸಿನಲ್ಲಿ ಕೆಲಸ" ಎಂದರೆ ಮನೆಯವರು ಮೊದಲು ಕೇಳುವುದು, "ಹಂಗಾರೆ ಪೇಷಂಟ್ ನೋಡದಿಲ್ವಾ?" ಆಮೇಲೆ ಕೇಳುವುದು, "ಅಲ್ಲಿ ಮಾಡೋದು ಎಂತ?" ಮೊದಲನೆಯದಕ್ಕೆ ಉತ್ತರ ಸುಲಭ. ವಾರಕ್ಕೆ ಎರಡು ಓಪಿಡಿಯನ್ನಾದರೂ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಮೂರು ವರ್ಷದಲ್ಲಿ ಡಾಕ್ಟರಿಕೆಯ ಮೊನೆ ಮೊಂಡಾಗುತ್ತದೆ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ.

ಕಾಲೇಜಿನಲ್ಲೋ ವಿಶ್ವವಿದ್ಯಾಲಯದಲ್ಲೋ ಯಾರೋ ಹೊಸ ಸಾಧನ, ಕಿಟ್ ಅಥವಾ ಔಷಧ ಕಂಡುಹಿಡಿದಿರುತ್ತಾರೆ. ಅದು ನಿಜಕ್ಕೂ ಹೊಸದೇ ಎಂದು ಜಾಲಾಡಬೇಕು, ಪೇಟೆಂಟ್ ಅರ್ಜಿ ಹಾಕಿಸಬೇಕು, ತಯಾರಿಸುವ ಕಂಪನಿ ಹುಡುಕಬೇಕು, ಲೈಸೆನ್ಸ್ ಕರಾರು ಮಾಡಿಸಬೇಕು, ಆಮೇಲೆ ರಾಯಲ್ಟಿ, ಅಂದರೆ ಮಾರಾಟದಲ್ಲಿ ಸಂಸ್ಥೆಗೆ ಸೇರಬೇಕಾದ ಪಾಲು, ಸರಿಯಾಗಿ ಬರುತ್ತಿದೆಯೇ ಎಂದು ಬೆನ್ನು ಹತ್ತಬೇಕು. ಕಾನೂನು, ಲೆಕ್ಕ ಇವನ್ನೆಲ್ಲ ವರ್ಷದೊಳಗೆ ಕಲಿಯಬಹುದು. ಈ ಕುರ್ಚಿಗೆ ಬಂದ ವೈದ್ಯರು ಎಡವುವುದು ದಿನಾಂಕದ ವಿಷಯದಲ್ಲಿ. ವಾರ್ಡಿನಲ್ಲಿ ನಿಮಿಷ, ಗಂಟೆ ನೋಡಿ ಅಭ್ಯಾಸ. ಇಲ್ಲಿ 12 ತಿಂಗಳು, 31 ತಿಂಗಳು, 20 ವರ್ಷ. ಅಷ್ಟು ದೂರದ ಗಡುವು ಎದೆಗೆ ತಾಗುವುದೇ ಇಲ್ಲ.

ಒಂದು ಕಲ್ಪಿತ ಉದಾಹರಣೆ ಹಿಡಿದು ಹೋಗೋಣ. ತೀರ್ಥಹಳ್ಳಿ ಕಡೆಯ ರೋಗಿಯನ್ನು ಆಂಬುಲೆನ್ಸಿನಲ್ಲಿ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಒಯ್ಯುತ್ತಾರೆ. ಡ್ರಿಪ್ ಹಾಕಿದೆ. ಸಾಮಾನ್ಯ ಸೆಟ್‌ನಲ್ಲಿ 20 ಹನಿಗೆ ಒಂದು ಮಿಲಿಲೀಟರ್. 500 ಮಿ.ಲೀ. ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕೆಂದರೆ ನಿಮಿಷಕ್ಕೆ ಸುಮಾರು 21 ಹನಿ. ಹೇರ್‌ಪಿನ್ ತಿರುವಿನಲ್ಲಿ ಬಾಟಲಿ ತೂಗಾಡುತ್ತದೆ, ಬಾಟಲಿಯ ಕೆಳಗೆ ಹನಿ ಬೀಳುವ ಚೇಂಬರ್ ವಾಲುತ್ತದೆ, ಹನಿ ನಡುವೆ ಬೀಳುವ ಬದಲು ಗೋಡೆ ಹಿಡಿದು ಜಾರುತ್ತದೆ. ಯಾರೂ ಎಣಿಸುವ ಸ್ಥಿತಿಯಲ್ಲಿರುವುದಿಲ್ಲ. ಒಬ್ಬ ಪಿ.ಜಿ. ವಿದ್ಯಾರ್ಥಿ ಮತ್ತು ಒಬ್ಬ ಎಂಜಿನಿಯರ್ ಸೇರಿ ಚೇಂಬರಿಗೆ ಕಚ್ಚಿಸುವ ಕ್ಲಿಪ್ ಮಾಡಿದ್ದಾರೆ ಎಂದುಕೊಳ್ಳಿ. ಒಳಗೆ ಇನ್ಫ್ರಾರೆಡ್ ಬೆಳಕು, ಎದುರಿಗೆ ಸೆನ್ಸರ್. ಹನಿ ಬೆಳಕನ್ನು ಕತ್ತರಿಸಿದಾಗ ಒಂದು ಎಣಿಕೆ. ನಿಗದಿಗಿಂತ ಹೆಚ್ಚಾದರೂ ಕಡಿಮೆಯಾದರೂ ಬೀಪ್.

ಅವರು ಆಫೀಸಿಗೆ ಬಂದಾಗ ಡಾಕ್ಟರ ಬಾಯಿಂದ ತಾನಾಗಿ ಬರುವ ಪ್ರಶ್ನೆ "ಚೆನ್ನಾಗಿ ಕೆಲಸ ಮಾಡತ್ತಾ?" ಎಂದು. ಅದು ಆಮೇಲಿನ ಮಾತು. ಮೊದಲು ಕೇಳಬೇಕಾದ್ದು "ಇದನ್ನ ಇಲ್ಲಿವರೆಗೆ ಯಾರ್‍ಯಾರಿಗೆ ತೋರಿಸಿದೀರಿ, ಯಾವತ್ತು?" ಸಿ.ಎಂ.ಇ. ಎಂಬ ವೈದ್ಯರ ಕಲಿಕಾ ಸಭೆಯಲ್ಲಿ ಒಂದು ಸ್ಲೈಡ್ ಹಾಕಿದ್ದು, ಪೋಸ್ಟರ್ ಸ್ಪರ್ಧೆಗೆ ಕಳಿಸಿದ್ದು, ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ವಿಡಿಯೊ ಬಿಟ್ಟಿದ್ದು ಎಲ್ಲವೂ ಪ್ರಕಟಣೆ ಎನ್ನಿಸಿಕೊಳ್ಳಬಹುದು. ಅರ್ಜಿಗೆ ಮುಂಚೆಯೇ ಪ್ರಕಟವಾದದ್ದು ಹೊಸದಲ್ಲ, ಪೇಟೆಂಟ್ ಕೈತಪ್ಪಬಹುದು. ಪಿ.ಜಿ. ಡಿಸರ್ಟೇಶನ್ನಿನ ಸಿನಾಪ್ಸಿಸ್ ಜಾಲತಾಣದಲ್ಲಿ ಎಲ್ಲರಿಗೂ ಸಿಗುವಂತಿದ್ದರೆ ಅದೂ ಅಷ್ಟೇ. ವೈದ್ಯಕೀಯದಲ್ಲಿ ಗೊತ್ತಾದದ್ದನ್ನು ಹಂಚಿಕೊಳ್ಳುವುದೇ ದೊಡ್ಡ ಗುಣ. ಇಲ್ಲಿ ಅರ್ಜಿಯ ನಂಬರು ಕೈಗೆ ಬರುವವರೆಗೆ ಬಾಯಿ ಕಟ್ಟಿಕೊಳ್ಳಬೇಕು. ಭಾರತದ ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್ ಕೆಲವು ಪ್ರದರ್ಶನಗಳಲ್ಲಿ ತೋರಿಸಿದ್ದಕ್ಕೆ, ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧಕ್ಕೆ 12 ತಿಂಗಳ ರಿಯಾಯಿತಿ ಕೊಡುತ್ತದೆ, ನಿಜ. ಅದನ್ನು ನಂಬಿ ಕೂರುವುದು ಬೇಡ. ಯುರೋಪಿನಲ್ಲಿ ನಾವೇ ಬಾಯಿಬಿಟ್ಟ ವಿಷಯಕ್ಕೆ ಅಂಥ ರಿಯಾಯಿತಿ ಇಲ್ಲ.

ಈ ಮಾತಿಗೆ ಜಗತ್ತಿನಲ್ಲೇ ಹೆಸರಾದ ದೃಷ್ಟಾಂತವೊಂದಿದೆ. ಜೀನ್ ಕತ್ತರಿಸಿ ಜೋಡಿಸುವ ವಿಧಾನವನ್ನು ಸ್ಟ್ಯಾನ್‌ಫರ್ಡಿನ ಸ್ಟ್ಯಾನ್ಲಿ ಕೊಹೆನ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೊದ ಹರ್ಬರ್ಟ್ ಬಾಯರ್ 1973ರ ನವೆಂಬರಿನಲ್ಲಿ ಪ್ರಕಟಿಸಿದರು. ಕೊಹೆನ್ ಓದಿದ್ದು ವೈದ್ಯಕೀಯವೇ. ಪೇಟೆಂಟ್ ಯೋಚನೆ ಅವರಿಗೆ ಇರಲಿಲ್ಲ. ಸ್ಟ್ಯಾನ್‌ಫರ್ಡಿನ ಲೈಸೆನ್ಸಿಂಗ್ ಆಫೀಸಿನ ನೀಲ್ಸ್ ರೀಮರ್ಸ್ ಮಾರನೇ ವರ್ಷ ಪತ್ರಿಕೆಯ ವರದಿ ನೋಡಿ ಬೆನ್ನು ಹತ್ತಿದ. ಅಮೆರಿಕದ ಒಂದು ವರ್ಷದ ಗಡುವಿಗೆ ವಾರವೊಂದು ಇದೆ ಅನ್ನುವಾಗ, 1974ರ ನವೆಂಬರ್ 4ರಂದು ಅರ್ಜಿ ಬಿತ್ತು. ಅಮೆರಿಕದ ಹಕ್ಕು ಉಳಿಯಿತು, ಹೊರದೇಶಗಳದ್ದು ಹೋಯಿತು. ಉಳಿದ ಅಷ್ಟರಿಂದಲೇ 1997ರಲ್ಲಿ ಅವಧಿ ಮುಗಿಯುವ ಹೊತ್ತಿಗೆ ಸುಮಾರು 25.5 ಕೋಟಿ ಡಾಲರ್ ಬಂದಿತ್ತು. ಲೈಸೆನ್ಸ್ ಶುರುವಿನ ಶುಲ್ಕ ಬರೀ 10,000 ಡಾಲರ್, ಕೇಳಿದ ಎಲ್ಲ ಕಂಪನಿಗೂ ಕೊಟ್ಟರು. ಯಾರಿಗೂ ಏಕಸ್ವಾಮ್ಯ ಇರಲಿಲ್ಲ.

ನಮ್ಮ ಹನಿ ಕ್ಲಿಪ್ಪಿಗೆ ಬರೋಣ. ದಿನಾಂಕ ಸರಿಯಿದ್ದರೆ ಮುಂದಿನದು ಹುಡುಕಾಟ. ಗೂಗಲ್ ಪೇಟೆಂಟ್ಸ್, ಯುರೋಪಿನ ಎಸ್ಪಾಸ್‌ನೆಟ್, ಭಾರತದ್ದಕ್ಕೆ ಇನ್‌ಪಾಸ್ ಎಂಬ ಪೇಟೆಂಟ್ ಜಾಲತಾಣಗಳಲ್ಲಿ. ಪದ ಹಾಕಿ ಹುಡುಕಿದರೆ ಸಾಲದು, ವರ್ಗೀಕರಣದ ಸಂಕೇತ ಹಾಕಬೇಕು. ಹನಿ ಎಣಿಸುವ ಯಂತ್ರಗಳಿಗೆಂದೇ ಎ61ಎಂ 5/1689 ಎಂಬ ಮನೆ ಇದೆ. ಅದನ್ನು ತೆರೆದರೆ ಬೆಳಕು ಹಾಯಿಸಿ ಹನಿ ಎಣಿಸುವುದು ದಶಕಗಳಷ್ಟು ಹಳೆಯದು ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಇಲ್ಲಿ ಬಂದವರ ಮುಖ ಬಾಡುತ್ತದೆ. ಕೆಟ್ಟ ಸುದ್ದಿಯನ್ನು ನೇರವಾಗಿ, ಆದರೆ ಕುರ್ಚಿ ಕೊಟ್ಟು ಕೂರಿಸಿ ಹೇಳುವುದು ಡಾಕ್ಟರಿಗೆ ಗೊತ್ತಿರುವ ವಿದ್ಯೆ; ಈ ಆಫೀಸಿನಲ್ಲಿ ಅದಕ್ಕೆ ಬಹಳ ಬೆಲೆ.

ಹಾಗಾದರೆ ಹೊಸದು ಏನೂ ಇಲ್ಲವೇ? ಘಾಟಿಯಲ್ಲಿ ವಾಲಿದಾಗ ಹನಿ ಒಂದು ಬೆಳಕಿನ ಗೆರೆಯನ್ನು ತಪ್ಪಿಸಿಕೊಳ್ಳುತ್ತದೆ. ಕುಲುಕಿದಾಗ ಒಂದೇ ಹನಿ ಎರಡಾಗಿ ಒಡೆದು ಎರಡು ಎಣಿಕೆ ಆಗುತ್ತದೆ. ಇದಕ್ಕಾಗಿ ಅಡ್ಡಡ್ಡ ಎರಡು ಗೆರೆ ಇಟ್ಟು, ವಾಲುವಿಕೆ ಅಳೆಯುವ ಚಿಪ್ ಸೇರಿಸಿ, ಎಣಿಕೆಯನ್ನು ತಿದ್ದುವ ಏರ್ಪಾಡು ಮಾಡಿದ್ದರೆ, ಅದು ಯಾರದ್ದೂ ಅಲ್ಲದಿದ್ದರೆ, ಕ್ಲೇಮ್, ಅಂದರೆ ಇಷ್ಟು ನಮ್ಮದು ಎಂದು ಅರ್ಜಿಯಲ್ಲಿ ಹಕ್ಕು ಕೇಳುವ ವಾಕ್ಯ, ಇರಬೇಕಾದ್ದು ಅಲ್ಲಿ. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸಿನ ಹಿಂದೆ ಏನಾಗುತ್ತದೆ ಎಂದು ಗೊತ್ತಿರುವವರಿಗೇ ಈ ಸಂದು ಕಾಣುವುದು. ವಕೀಲರಿಗೆ ಕಾಣದು, ಎಂಬಿಎ ಮಾಡಿದವರಿಗೂ ಕಾಣದು. ವೈದ್ಯರು ಈ ಕೆಲಸಕ್ಕೆ ಬರಬೇಕಾದ ದೊಡ್ಡ ಕಾರಣ ನನ್ನ ಲೆಕ್ಕದಲ್ಲಿ ಇದೇ.

ಕ್ಲೇಮ್ ಬರೆಯುವಾಗ ವೈದ್ಯರ ಅಭ್ಯಾಸ ಮತ್ತೆ ಅಡ್ಡ ಬರುತ್ತದೆ. ಅವರು "ರೋಗಿಗೆ ಹೀಗೆ ದ್ರವ ಕೊಡುವ ವಿಧಾನ" ಎಂದು ಬರೆದುಕೊಂಡು ಬರುತ್ತಾರೆ. 1970ರ ಕಾಯ್ದೆಯ ಸೆಕ್ಷನ್ 3(ಐ) ಪ್ರಕಾರ ಮನುಷ್ಯರ ಚಿಕಿತ್ಸೆ, ಶಸ್ತ್ರಕ್ರಿಯೆ, ರೋಗಪತ್ತೆಯ ವಿಧಾನಕ್ಕೆ ಇಲ್ಲಿ ಪೇಟೆಂಟ್ ಇಲ್ಲ. ಸಾಧನಕ್ಕೆ ಉಂಟು. ಬರೀ ಆ್ಯಪ್ ಎಂದು ಬರೆದರೆ 3(ಕೆ) ಎದುರು ನಿಲ್ಲುತ್ತದೆ, ಕಂಪ್ಯೂಟರ್ ಪ್ರೋಗ್ರಾಮಿಗೆ ಅಷ್ಟಕ್ಕೇ ಪೇಟೆಂಟ್ ಕೊಡುವುದಿಲ್ಲ. ಸೆನ್ಸರ್, ಕ್ಲಿಪ್ಪಿನ ಆಕಾರ, ಸಂಕೇತ ಹೋಗುವ ದಾರಿ ಎಲ್ಲ ಕಟ್ಟಿ ಬರೆಯಬೇಕು.

ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ. ದಿನಾಂಕ ಹಿಡಿದಿಡಲು ಮೊದಲು ಹಾಕುವ ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿಗೆ ವ್ಯಕ್ತಿಗಳಿಗೂ ಶಿಕ್ಷಣ ಸಂಸ್ಥೆಗಳಿಗೂ ಆನ್‌ಲೈನ್ ಶುಲ್ಕ 1,600 ರೂಪಾಯಿ. ದೊಡ್ಡ ಕಂಪನಿಗೆ 8,000. 30 ಪುಟ, 10 ಕ್ಲೇಮ್ ಮೀರಿದರೆ ಹೆಚ್ಚುವರಿ. ಅರ್ಜಿ ಬರೆದುಕೊಡುವ ಪೇಟೆಂಟ್ ಏಜೆಂಟರ ಫೀಸು ಬೇರೆ, ಅದೇ ದೊಡ್ಡದು. ಶುಲ್ಕ ಕಡಿಮೆ ಎಂದು ಎರಡು ಪುಟ ಗೀಚಿ ಹಾಕುವುದು ಪದೇ ಪದೇ ಆಗುವ ತಪ್ಪು. ಮೊದಲ ದಿನಾಂಕದ ರಕ್ಷೆ ಸಿಗುವುದು ಆ ಕಾಗದದಲ್ಲಿ ಬರೆದದ್ದಕ್ಕೆ ಮಾತ್ರ. ಎರಡನೇ ಬೆಳಕಿನ ಗೆರೆಯ ವಿಷಯ ಪ್ರೊವಿಷನಲ್‌ನಲ್ಲಿ ಇಲ್ಲದೆ, ಆರು ತಿಂಗಳ ನಂತರ ಪೂರ್ಣ ವಿವರದ ಅರ್ಜಿಯಾದ ಕಂಪ್ಲೀಟ್‌ನಲ್ಲಿ ಸೇರಿಸಿದರೆ, ಅದರ ದಿನಾಂಕ ಆರು ತಿಂಗಳ ನಂತರದ್ದೇ. ನಡುವೆ ಅದೇ ಪಿ.ಜಿ. ಪೇಪರ್ ಓದಿಬಿಟ್ಟಿದ್ದರೆ ಮುಗಿಯಿತು.

ಪ್ರೊವಿಷನಲ್ ಆದ ಮೇಲೆ 12 ತಿಂಗಳೊಳಗೆ ಕಂಪ್ಲೀಟ್ ಸ್ಪೆಸಿಫಿಕೇಶನ್ ಹೋಗಬೇಕು. ಈ ಒಂದು ವರ್ಷ ಬೆಂಚಿನ ಕೆಲಸಕ್ಕೆ. ಕ್ಲಿಪ್ ಎಣಿಸಿದ್ದನ್ನೂ ಅಳತೆಯ ಸಿಲಿಂಡರಿನಲ್ಲಿ ಬಿದ್ದ ದ್ರವವನ್ನೂ ತಾಳೆ ನೋಡಬೇಕು. ಸಲೈನ್ ಒಂದರಲ್ಲೇ ನೋಡಿದರೆ ಮೋಸ ಹೋಗುತ್ತೀರಿ. ಡೆಕ್ಸ್ಟ್ರೋಸ್ 25ರಲ್ಲಿ ದ್ರವ ದಪ್ಪ, ಹನಿಯ ಗಾತ್ರವೇ ಬೇರೆ. ನೆಟ್ಟಗೆ, 15 ಡಿಗ್ರಿ, 30 ಡಿಗ್ರಿ ವಾಲಿಸಿ ನೋಡಿ. ಕಿಟಕಿಯಿಂದ ನೇರ ಬಿಸಿಲು ಬಿದ್ದರೆ ಇನ್ಫ್ರಾರೆಡ್ ಸೆನ್ಸರ್ ಕುರುಡಾಗುತ್ತದೆ, ಲ್ಯಾಬಿನ ಟ್ಯೂಬ್‌ಲೈಟಿನಡಿ ಅದು ಗೊತ್ತೇ ಆಗುವುದಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ಚೇಂಬರಿನ ಹೊರಮೈಗೆ ಹಬೆ ಕಟ್ಟಿದರೂ ಅದೇ ಪಾಡು. ಈ ಅಂಕಿಗಳೆಲ್ಲ ಕಂಪ್ಲೀಟ್ ಅರ್ಜಿಯೊಳಗೆ ಹೋದರೆ ಮುಂದೆ ಪೇಟೆಂಟ್ ಕಚೇರಿಯ ಪರೀಕ್ಷಕರ ಆಕ್ಷೇಪಕ್ಕೆ ಉತ್ತರ ಕೊಡಲು ಬಾಯಿ ಇರುತ್ತದೆ.

ಅದೇ 12 ತಿಂಗಳೊಳಗೆ ಪಿಸಿಟಿ ಎಂಬ ಅಂತರರಾಷ್ಟ್ರೀಯ ಒಪ್ಪಂದದಡಿ ಅರ್ಜಿ ಹಾಕಿದರೆ ಹೊರದೇಶಗಳ ತೀರ್ಮಾನವನ್ನು 30–31 ತಿಂಗಳವರೆಗೆ ಮುಂದೂಡಬಹುದು. ಇಂಥ ಕ್ಲಿಪ್ಪಿಗೆ ಖರ್ಚು ಹೊರುವ ಕಂಪನಿ ಸಿಕ್ಕಿದ್ದರೆ ಮಾತ್ರ ಹೊರಗೆ ಹೋಗಿ ಎಂಬುದು ನನ್ನ ಅಭಿಪ್ರಾಯ. ಫಲಕ ಹಾಕಿಸಿ ಗೋಡೆಗೆ ತೂಗುಹಾಕಲು ಪೇಟೆಂಟ್ ತೆಗೆಯುವ ಚಾಳಿ ನಮ್ಮ ಕಾಲೇಜುಗಳಲ್ಲಿ ಹೆಚ್ಚಾಗಿದೆ. ರ್‍ಯಾಂಕಿಂಗಿಗೆ ಲೆಕ್ಕ ಸಿಗುತ್ತದೆ, ರೋಗಿಗೆ ಏನೂ ಸಿಗುವುದಿಲ್ಲ.

ಸಾಧನ ಮಾರುಕಟ್ಟೆಗೆ ಬರಲು ಪೇಟೆಂಟಿಗಿಂತ ದೊಡ್ಡ ಬಾಗಿಲು ನಿಯಂತ್ರಣದ್ದು. 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಅಪಾಯ ನೋಡಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡುತ್ತದೆ. ಎ ಮತ್ತು ಬಿ ತಯಾರಿಕೆಗೆ ರಾಜ್ಯದ ಪ್ರಾಧಿಕಾರ, ಸಿ ಮತ್ತು ಡಿಗೆ ದೆಹಲಿಯ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಓ. ನಮ್ಮ ಕ್ಲಿಪ್ ಬರೀ ಎಣಿಸಿ ಬೀಪ್ ಮಾಡುತ್ತದೋ, ಅಥವಾ ಕೊಳವೆಯನ್ನು ತಾನೇ ಒತ್ತಿ ವೇಗ ಬದಲಿಸುತ್ತದೋ? ಎರಡನೆಯದಾದರೆ ಇನ್‌ಫ್ಯೂಷನ್ ಪಂಪಿನ ಸಾಲಿಗೆ ಸರಿದು ಅಪಾಯದ ವರ್ಗ ಏರುತ್ತದೆ. "ಉದ್ದೇಶಿತ ಬಳಕೆ" ಎಂಬ ಕಲಮಿನಲ್ಲಿ ಉತ್ಸಾಹದಿಂದ ಬರೆದ ಒಂದು ವಾಕ್ಯ ಎರಡು ವರ್ಷದ ಕೆಲಸ ಹೆಚ್ಚಿಸಬಲ್ಲದು. ಪರೀಕ್ಷೆಗೆಂದು ತಯಾರಿಸಲು ಎಂಡಿ-12 ನಮೂನೆಯಲ್ಲಿ ಅರ್ಜಿ ಹಾಕಿ ಎಂಡಿ-13 ಪರವಾನಗಿ ಪಡೆಯಬೇಕು. ಗುಣಮಟ್ಟಕ್ಕೆ ಐಎಸ್ಓ 13485, ಅಪಾಯದ ಲೆಕ್ಕಕ್ಕೆ 14971, ವಿದ್ಯುತ್ ಸುರಕ್ಷತೆಗೆ ಐಇಸಿ 60601. ಇವನ್ನು ಕೊನೆಗೆ ಸೇರಿಸುತ್ತೇವೆ ಎನ್ನುವವರು ವಿನ್ಯಾಸವನ್ನೇ ಮತ್ತೆ ಮಾಡುತ್ತಾರೆ. ರೋಗಿಗಳ ಮೇಲೆ ಪರೀಕ್ಷೆ ಎಂದರೆ ಎಥಿಕ್ಸ್ ಕಮಿಟಿ ಸರಿಯೇ ಸರಿ, ಜೊತೆಗೆ ಕಂಡುಹಿಡಿದವರು ತಾವೇ ರೋಗಿಯ ಒಪ್ಪಿಗೆ ಪಡೆಯಬಾರದು, ಫಲಿತಾಂಶವನ್ನೂ ತಾವೇ ಅಳೆಯಬಾರದು. "ಡಾಕ್ಟ್ರು ಹೇಳಿದ್ರಲ್ಲ" ಎಂದು ಸಹಿ ಹಾಕುವ ಊರಿದು.

ಹಣದ ಮಾತು. ಬೈರಾಕ್ ಎಂಬ ಕೇಂದ್ರ ಸರ್ಕಾರಿ ಸಂಸ್ಥೆಯ ಬಿಗ್ ಅನುದಾನ 50 ಲಕ್ಷದವರೆಗೆ, 18 ತಿಂಗಳಿಗೆ. ಮೂಲಮಾದರಿ ಮಾಡಿ ತೋರಿಸಲು ಅದು ಹೇಳಿ ಮಾಡಿಸಿದ್ದು. ಸರ್ಕಾರಿ ಕಾಲೇಜಿನ ಡಾಕ್ಟರು ಪೂರ್ವಾನುಮತಿ ಇಲ್ಲದೆ ಕಂಪನಿಯ ಡೈರೆಕ್ಟರ್ ಆಗುವ ಹಾಗಿಲ್ಲ, ಅದನ್ನು ಅನುದಾನ ಬಂದ ಮೇಲೆ ಕೇಳುವುದಲ್ಲ. ರಾಯಲ್ಟಿ ಬಗ್ಗೆ ಎಲ್ಲರಿಗೂ ಕನಸು ದೊಡ್ಡದು, ಆದ್ದರಿಂದ ಒಮ್ಮೆ ಲೆಕ್ಕ ಹಾಕಿ ತೋರಿಸಬೇಕು. ಕ್ಲಿಪ್ಪಿನ ನಿವ್ವಳ ಮಾರಾಟ ಬೆಲೆ 4,000 ರೂಪಾಯಿ, ರಾಯಲ್ಟಿ ಶೇ. 4, ವರ್ಷಕ್ಕೆ 2,000 ಕ್ಲಿಪ್ ಎಂದುಕೊಳ್ಳಿ. ಸಂಸ್ಥೆಗೆ ಬರುವುದು 3.2 ಲಕ್ಷ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2000ದಲ್ಲಿ ಹೊರಡಿಸಿದ ಸೂಚನೆ ತನ್ನ ಹಣದಲ್ಲಿ ನಡೆದ ಸಂಶೋಧನೆಯ ಒಡೆತನವನ್ನು ಸಂಸ್ಥೆಗೆ ಬಿಟ್ಟುಕೊಟ್ಟು, ಸಂಶೋಧಕರ ಪಾಲನ್ನು ಗಳಿಕೆಯ ಮೂರನೇ ಒಂದಕ್ಕೆ ಮಿತಿ ಮಾಡಿತು. ಕೆಲವು ಸಂಸ್ಥೆಗಳ ಸ್ವಂತ ನೀತಿಯಲ್ಲಿ ಪಾಲು ಬೇರೆ. ಮೂರನೇ ಒಂದು ಎಂದರೆ 1.07 ಲಕ್ಷ. ಮೂವರಿಗೆ ಹಂಚಿದರೆ ತಲಾ ಮೂವತ್ತೈದು ಸಾವಿರ ಚಿಲ್ಲರೆ, ಅದೂ ತೆರಿಗೆಗೆ ಮುಂಚೆ. ಒಂದು ಎಕರೆ ಅಡಿಕೆ ತೋಟ ಇರುವವರು ನಗುತ್ತಾರೆ.

ಕರಾರಿನಲ್ಲಿ "ನಿವ್ವಳ ಮಾರಾಟ" ಎಂಬುದಕ್ಕೆ ಅರ್ಥ ಬರೆದಿರದಿದ್ದರೆ ಆ 3.2 ಲಕ್ಷವೂ ಕರಗುತ್ತದೆ. ಸಾಗಾಟ, ತೆರಿಗೆ ಕಳೆಯುವುದು ನ್ಯಾಯ. ಡೀಲರ್ ಕಮಿಷನ್ ಕಳೆಯಲು ಬಿಟ್ಟರೆ ಬುಡವೇ ಹೋಗುತ್ತದೆ. ಕನಿಷ್ಠ ವಾರ್ಷಿಕ ರಾಯಲ್ಟಿ, ಇಂತಿಷ್ಟು ತಿಂಗಳಲ್ಲಿ ತಯಾರಿಕೆ ಶುರುವಾಗದಿದ್ದರೆ ಹಕ್ಕು ವಾಪಸ್ ಎಂಬ ಕಲಮು, ಲೆಕ್ಕಪುಸ್ತಕ ನೋಡುವ ಅಧಿಕಾರ ಇವು ಮೂರೂ ಇರಲೇಬೇಕು. ಎರಡನೆಯದನ್ನು ಬಿಟ್ಟರೆ ಕಂಪನಿ ಪೇಟೆಂಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬಹುದು, ಪ್ರತಿಸ್ಪರ್ಧಿ ಬಾರದಿದ್ದರೆ ಅದಕ್ಕೆ ಅಷ್ಟೇ ಸಾಕು.

ಎಲ್ಲ ಸಂಶೋಧನೆಯನ್ನೂ ಲೈಸೆನ್ಸ್ ದಾರಿಯಲ್ಲೇ ಅಟ್ಟುವುದು ಸರಿಯಲ್ಲ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ. ಉಣುಗು ಕಚ್ಚಿ ಬರುತ್ತದೆ, ಬೇಸಿಗೆಗೆ ಮುಂಚೆ ಏರುತ್ತದೆ. ಹಳೆಯ ಲಸಿಕೆ ತಯಾರಾಗುತ್ತಿದ್ದದ್ದು ಬೆಂಗಳೂರು ಹೆಬ್ಬಾಳದ ಸರ್ಕಾರಿ ಪಶುವೈದ್ಯ ಜೈವಿಕ ಸಂಸ್ಥೆಯಲ್ಲಿ. ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರ್ ಮೇಲೆ ಬೂಸ್ಟರ್, ಚುಚ್ಚಿದ ಜಾಗ ನೋಯುತ್ತದೆಂದು ಜನ ಹಿಂಜರಿಯುತ್ತಿದ್ದರು. ಇದಕ್ಕೆ ಕಿಟ್ಟೋ ಲಸಿಕೆಯೋ ಮಾಡುವ ಕಂಪನಿಗೆ ಕಾಣುವ ಮಾರುಕಟ್ಟೆ ಪಶ್ಚಿಮಘಟ್ಟದ ಒಂದಷ್ಟು ತಾಲೂಕು, ಕೊಳ್ಳುವವರು ಬಹುಮಟ್ಟಿಗೆ ಸರ್ಕಾರ ಮಾತ್ರ. ವೈರಸ್ಸನ್ನು ಸಾಮಾನ್ಯ ಲ್ಯಾಬಿನಲ್ಲಿ ಬೆಳೆಸುವಂತೆಯೂ ಇಲ್ಲ. ಇಂಥಲ್ಲಿ ಶೇಕಡಾವಾರು ರಾಯಲ್ಟಿ ಚೌಕಾಸಿ ಮಾಡುತ್ತ ಕೂತರೆ ಕಂಪನಿ ಎದ್ದು ಹೋಗುತ್ತದೆ. ರಾಯಲ್ಟಿ ಬಿಟ್ಟುಕೊಡಿ, ಬದಲಿಗೆ ಸರ್ಕಾರಿ ಖರೀದಿಯ ಬೆಲೆಗೆ ಮಿತಿ ಕೇಳಿ, ವರ್ಷಕ್ಕೆ ಕನಿಷ್ಠ ಇಷ್ಟು ಪೂರೈಸಬೇಕೆಂದು ಬರೆಸಿ. 2002ರ ವೈದ್ಯರ ನಡತೆ ನಿಯಮಾವಳಿಯ 6.2ನೇ ಕಲಮು ವೈದ್ಯರು ಪೇಟೆಂಟ್ ತೆಗೆಯಬಹುದು ಎನ್ನುತ್ತದೆ. ದೊಡ್ಡ ಜನಸಮೂಹದ ಹಿತ ಇರುವಲ್ಲಿ ಅದರ ಪ್ರಯೋಜನ ಸಿಗದಂತೆ ಮಾಡಿದರೆ ಅನೈತಿಕ ಎಂದೂ ಅದೇ ಉಸಿರಿನಲ್ಲಿ ಹೇಳುತ್ತದೆ.

ನಾಟಿ ಔಷಧಿಯ ವಿಷಯವೂ ಮಲೆನಾಡಿನ ಆಫೀಸಿಗೆ ತಪ್ಪದೆ ಬರುತ್ತದೆ. ಪರಂಪರೆಯಿಂದ ಗೊತ್ತಿರುವುದಕ್ಕೆ ಪೇಟೆಂಟ್ ಕಾಯ್ದೆಯ 3(ಪಿ) ಅಡ್ಡ, ಬರೀ ಬೇರು ತೊಗಟೆ ಬೆರೆಸಿದ್ದಕ್ಕೆ 3(ಇ) ಅಡ್ಡ. ಕಾಡಿನ ಗಿಡ ಬಳಸಿದ್ದರೆ ಚೆನ್ನೈನ ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಕಾಗದ ಬೇಕು. ಆಕರವನ್ನು ಮುಚ್ಚಿಟ್ಟರೆ ಸಿಕ್ಕ ಪೇಟೆಂಟೂ ರದ್ದಾಗಬಹುದು.

ಈ ದಾರಿಯಲ್ಲಿ ಹೋದವರು ನಮ್ಮ ಸುತ್ತಲೂ ಇದ್ದರು. ಎಂ.ಎಸ್. ವಲಿಯತ್ತಾನ್ ಹೃದಯದ ಶಸ್ತ್ರಚಿಕಿತ್ಸಕರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಆಮದು ಮಾಡುವ ಕೃತಕ ಹೃದಯ ಕವಾಟದ ಬೆಲೆ ನೋಡಿ ದೇಶದ್ದೇ ಒಂದು ಮಾಡಲು ಕೂತರು. ಹೃದಯ ವರ್ಷಕ್ಕೆ ಸುಮಾರು ನಾಲ್ಕು ಕೋಟಿ ಬಾರಿ ಬಡಿಯುತ್ತದೆ, ಅಷ್ಟು ಸಲ ತೆರೆದು ಮುಚ್ಚಿಯೂ ಸವೆಯದ ವಸ್ತು ಬೇಕು. ಮೊದಲಿನ ಮಾದರಿಗಳು ಕೈಕೊಟ್ಟವು. ನಾಲ್ಕನೆಯದರಲ್ಲಿ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಪಾಲಿಎಥಿಲೀನ್ ಬಿಲ್ಲೆ ನಿಂತಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು, ಟಿಟಿಕೆ ಕಂಪನಿ ತಯಾರಿಸಿತು. 1993ರಲ್ಲಿ ಅವರು ಮಣಿಪಾಲದ ಕುಲಪತಿಯಾಗಿ ಬಂದರು. ಲ್ಯಾಬಿನ ಪಕ್ಕದಲ್ಲೇ ಶಸ್ತ್ರಚಿಕಿತ್ಸಕರು ಇದ್ದದ್ದು, ತಯಾರಕರಿಗೆ ಕೊಟ್ಟ ಮೇಲೂ ಸಂಸ್ಥೆ ಕೈ ತೊಳೆದುಕೊಳ್ಳದಿದ್ದದ್ದು ಇಲ್ಲಿ ಗಮನಿಸಬೇಕಾದ್ದು. ತಂತ್ರಜ್ಞಾನ ಕಾಗದದ ಮೇಲೆ ಹಸ್ತಾಂತರ ಆಗುವುದು ಒಂದು ದಿನ, ಕೈಗೆ ಹತ್ತುವುದು ವರ್ಷಗಟ್ಟಲೆ.

ಕಲಿಯಲು ಬೆಂಗಳೂರಿಗೆ ಹೋಗಲೇಬೇಕೆಂದಿಲ್ಲ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ (ವೈಪೊ) ಅಕಾಡೆಮಿ ನಡೆಸುವ ಡಿಎಲ್-101 ಕೋರ್ಸ್ ಉಚಿತ, ಮನೆಯಲ್ಲೇ ಮುಗಿಸಬಹುದು. ಕಾಲೇಜಿನ ಎಥಿಕ್ಸ್ ಕಮಿಟಿಯಲ್ಲೋ ಸಂಶೋಧನಾ ಘಟಕದಲ್ಲೋ ಎರಡು ವರ್ಷ ಕಡತ ನೋಡಿದರೆ ಪ್ರೊಟೊಕಾಲ್ ಓದುವ ಕಣ್ಣು ಬರುತ್ತದೆ. ಆಮೇಲೆ ಕರಾರು ಮಾಡಿಸಿದ ಅನುಭವ ತೋರಿಸಿ ಆರ್‌ಟಿಟಿಪಿ ಎಂಬ ಅಂತರರಾಷ್ಟ್ರೀಯ ಮಾನ್ಯತೆಗೆ ಅರ್ಜಿ ಹಾಕಬಹುದು. ಅದಕ್ಕೆ ಪರೀಕ್ಷೆ ಇಲ್ಲ, ಮಾಡಿದ ಕೆಲಸವೇ ಅಂಕ.

ಕುರ್ಚಿಗೆ ಬಂದ ಮೊದಲ ವಾರದಲ್ಲೇ ಮಾಡಬೇಕಾದ್ದು ಗಡುವಿನ ಪುಸ್ತಕ. ಪ್ರತಿ ಅರ್ಜಿಗೆ ಒಂದು ಪುಟ: ಮೊದಲ ಅರ್ಜಿಯ ದಿನ, ಅದಕ್ಕೆ 12 ತಿಂಗಳು, ಪ್ರಕಟವಾಗುವ 18 ತಿಂಗಳು, ಅರ್ಜಿಯನ್ನು ಪರೀಕ್ಷಿಸಿ ಎಂದು ಪೇಟೆಂಟ್ ಕಚೇರಿಗೆ ಕೋರಿಕೆ ಹಾಕುವ 31 ತಿಂಗಳು. ಈ ಕೊನೆಯದು ಮುಂಚೆ 48 ಇತ್ತು, 2024ರ ಮಾರ್ಚಿನ ತಿದ್ದುಪಡಿಯಲ್ಲಿ ಇಳಿಯಿತು; ಹಳೆಯ ಲೆಕ್ಕ ತಲೆಯಲ್ಲಿರುವವರು ಇಲ್ಲೇ ಬೀಳುತ್ತಾರೆ. ಕೋರಿಕೆ ಹೋಗದಿದ್ದರೆ ಅರ್ಜಿ ಹಿಂತೆಗೆದುಕೊಂಡಂತೆ, ಅಷ್ಟೇ. ಪರೀಕ್ಷಾ ವರದಿ ಬಂದ ಮೇಲೆ ಉತ್ತರಕ್ಕೆ ಆರು ತಿಂಗಳು. ಮಂಜೂರಾದ ಮೇಲೆ ಮೂರನೇ ವರ್ಷದಿಂದ ಲೆಕ್ಕ ಹಿಡಿದು ನವೀಕರಣ ಶುಲ್ಕ. ಫೋನಿನ ಕ್ಯಾಲೆಂಡರಿನಲ್ಲಿ 90, 30, 7 ದಿನ ಮುಂಚೆ ಎಚ್ಚರಿಕೆ ಇಡಿ, ಇಬ್ಬರ ಫೋನಿನಲ್ಲಿ ಇಡಿ. ಜೊತೆಗೆ ಕಾಗದದ ರಿಜಿಸ್ಟರೂ ಇರಲಿ. ಗಡುವು ಜುಲೈನಲ್ಲಿ ಬಂದರೆ ವಾರ ಮುಂಚೆಯೇ ಫೈಲ್ ಮಾಡಿ ಮುಗಿಸಿ. ಮರ ಬಿದ್ದು ಕರೆಂಟು ಹೋಗಿ ನೆಟ್ಟಿಲ್ಲದ ಮೂರು ದಿನ ಚೆನ್ನೈಯವರಿಗೆ ಅರ್ಥ ಆಗುವುದಿಲ್ಲ.